ತಗಡಿನ ಮನೆಯ ನಿದ್ದೆ

ಸರಕು ಸಾಗಿಸುವ ವ್ಯಾನೊಂದನ್ನು ಮನೆ ಮಾಡಿಕೊಂಡವರಿಗೆ ಮೊದಲ ರಾತ್ರಿಯೇ ಗೊತ್ತಾಗುವ ಸಂಗತಿಯೆಂದರೆ ತಾವು ಜಾಗಟೆಯೊಂದರ ಒಳಗೆ ಮಲಗಿದ್ದೇವೆ ಎಂಬುದು. ವ್ಯಾನಿನ ಮೈ ಒಂದು ಮಿಲಿಮೀಟರಿಗಿಂತ ತೆಳ್ಳಗಿನ ಉಕ್ಕಿನ ತಗಡು. ಮಳೆಹನಿ ಬಿದ್ದರೆ ಟಣ್ ಎನ್ನುತ್ತದೆ, ಪಕ್ಕದಲ್ಲಿ ಬಸ್ಸು ಹಾದರೆ ಗುಂಯ್ ಎನ್ನುತ್ತದೆ, ಹಗಲಿನ ಬಿಸಿಲಿಗೆ ಹಿಗ್ಗಿದ್ದು ರಾತ್ರಿಯ ಚಳಿಗೆ ಕುಗ್ಗುವಾಗ ತನ್ನಷ್ಟಕ್ಕೆ ತಾನೇ ಟಿಕ್ ಟಿಕ್ ಎನ್ನುತ್ತಿರುತ್ತದೆ. ಮಲೆನಾಡಿನಲ್ಲಿ ತಗಡಿನ ಮಾಡಿನ ಕೆಳಗೆ ಆಷಾಢದ ಒಂದು ರಾತ್ರಿ ಕಳೆದವರಿಗೆ ಇದರ ಅರ್ಧ ಗೊತ್ತಿರುತ್ತದೆ. ಉಳಿದರ್ಧ ಏನೆಂದರೆ ಇಲ್ಲಿ ಗೋಡೆಗಳೂ ತಗಡೇ. ಗೋಡೆಯಾಚೆ ಅಂಗಳವಿಲ್ಲ, ಬೇಲಿಯಿಲ್ಲ. ದಿಂಬಿನಿಂದ ಒಂದು ಮೊಳ ದೂರದಲ್ಲಿ ಬೀದಿ.

ನಾನು ಪಿಎಚ್‌ಡಿ ಮಾಡುತ್ತಿರುವುದು ಕ್ಯಾಲಿಫೋರ್ನಿಯಾದ ಕಡಲಂಚಿನ ಊರೊಂದರಲ್ಲಿ. ಇಲ್ಲಿ ವ್ಯಾನಿನಲ್ಲಿ ಬದುಕುವವರನ್ನು ಎರಡು ಬಗೆಯಾಗಿ ನೋಡುವುದು ರೂಢಿ: ಆಸೆಪಟ್ಟು ಬಂದವರು, ಗತಿಯಿಲ್ಲದೆ ಬಂದವರು. ಮೊದಲನೆಯವರನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಹಿಂಬಾಗಿಲು ತೆರೆದರೆ ಸಮುದ್ರ, ಕೈಯಲ್ಲಿ ಕಾಫಿ ಲೋಟ. ಎರಡನೆಯವರನ್ನು ಜೆಸ್ಸಿಕಾ ಬ್ರೂಡರ್ 2017ರಲ್ಲಿ ಬರೆದ ‘ನೋಮ್ಯಾಡ್‌ಲ್ಯಾಂಡ್’ ಪುಸ್ತಕದಲ್ಲೋ ಅದನ್ನು ಆಧರಿಸಿ ಕ್ಲೋಯಿ ಝಾವ್ ಮಾಡಿದ ಸಿನೆಮಾದಲ್ಲೋ ಕಂಡಿರುತ್ತೀರಿ. ಈ ಎರಡರ ನಡುವೆ ಒಂದು ದೊಡ್ಡ ಗುಂಪಿದೆ. ಅವರಿಗೆ ಕೆಲಸವಿದೆ, ಸಂಬಳವಿದೆ, ಬಾಡಿಗೆಗೆ ಮಾತ್ರ ಅದು ಸಾಲದು. 2019ರ ಡಿಸೆಂಬರಿನಲ್ಲಿ ಸಾಂತಾ ಕ್ರೂಝ್‌ನ ಸಂಶೋಧನಾ ವಿದ್ಯಾರ್ಥಿಗಳು ತಾವು ಪಾಠ ಹೇಳಿದ ತರಗತಿಗಳ ಗ್ರೇಡುಗಳನ್ನು ತಡೆಹಿಡಿದು ಮುಷ್ಕರ ಹೂಡಿದ್ದು ಈ ಕಾರಣಕ್ಕೇ. ನನ್ನ ವಿಭಾಗದ ಗೆಳತಿಯೊಬ್ಬಳು ಈ ಗುಂಪಿಗೆ ಸೇರಿದವಳು. ಹಳೆಯ ವ್ಯಾನೊಂದನ್ನು ಕೊಂಡು ಅದರಲ್ಲೇ ಪ್ರಬಂಧ ಮುಗಿಸುವ ನಿರ್ಧಾರ ಮಾಡಿದಳು. ಅದರೊಳಗಿನ ಸದ್ದು ತಗ್ಗಿಸುವ ಕೆಲಸಕ್ಕೆ ಮೂರು ವಾರಾಂತ್ಯ ನಾನೂ ಕೈಜೋಡಿಸಿದೆ. ನೀತಿಶಾಸ್ತ್ರ ಓದುವವನಿಗೆ ಅಂಟು ಹಚ್ಚುವ ಕೆಲಸದಲ್ಲಿ ಏನು ಸಿಕ್ಕೀತು ಎಂದು ನನ್ನ ಮಾರ್ಗದರ್ಶಕರು ನಕ್ಕರು. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸದ್ದು ತಗ್ಗಿಸುವುದು ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದು ನಿಜದಲ್ಲಿ ಮೂರು ಬೇರೆ ಬೇರೆ ಕೆಲಸ. ಮೊದಲನೆಯದು ತಗಡಿನ ಕಂಪನವನ್ನು ಅಡಗಿಸುವುದು. ಇದಕ್ಕೆ ಅಲ್ಯೂಮಿನಿಯಂ ಹಾಳೆ ಮೆತ್ತಿದ ಬ್ಯೂಟೈಲ್ ರಬ್ಬರಿನ ಅಂಟುಪಟ್ಟಿಗಳು ಸಿಗುತ್ತವೆ. ತಗಡನ್ನು ಸ್ಪಿರಿಟ್ಟಿನಿಂದ ಒರೆಸಿ, ಪಟ್ಟಿ ಅಂಟಿಸಿ, ಪುಟ್ಟ ರೋಲರಿನಿಂದ ಗಾಳಿಗುಳ್ಳೆ ಉಳಿಯದ ಹಾಗೆ ಉಜ್ಜಬೇಕು. ತಗಡು ನಡುಗಿದಾಗ ನಡುವಿನ ರಬ್ಬರು ಎಳೆದಾಡಿ ಆ ಶಕ್ತಿಯನ್ನು ಅತಿ ಸಣ್ಣ ಪ್ರಮಾಣದ ಬಿಸಿಯಾಗಿ ಮಾರ್ಪಡಿಸುತ್ತದೆ. ಇಡೀ ತಗಡಿಗೆ ಹಚ್ಚುವ ಅಗತ್ಯವೂ ಇಲ್ಲ. ಪ್ರತಿ ಹಲಗೆಯ ನಡುಭಾಗದಲ್ಲಿ ಕಾಲು ಭಾಗದಷ್ಟು ಮುಚ್ಚಿದರೂ ಬಹುಪಾಲು ಲಾಭ ದಕ್ಕುತ್ತದೆ. ಗೆಣ್ಣಿನಿಂದ ಕುಟ್ಟಿ ನೋಡಿದರೆ ‘ಟಣ್’ ಎನ್ನುತ್ತಿದ್ದದ್ದು ‘ಧಪ್’ ಎನ್ನುತ್ತದೆ. ಆ ಮೂರು ವಾರಾಂತ್ಯಗಳಲ್ಲಿ ಇಷ್ಟು ಸಂತೋಷ ಕೊಟ್ಟ ಇನ್ನೊಂದು ಸದ್ದಿಲ್ಲ. ಎರಡನೆಯ ಕೆಲಸ ಒಳಗಿನ ಪ್ರತಿಧ್ವನಿಯನ್ನು ಹೀರುವುದು. ಅದಕ್ಕೆ ಪಕ್ಕೆಲುಬುಗಳ ಸಂದಿಯಲ್ಲಿ ಕುರಿಯ ಉಣ್ಣೆ ತುಂಬಿದೆವು. ಉಣ್ಣೆ ಚಳಿ ತಡೆಯುತ್ತದೆ, ಉಸಿರಿನ ತೇವವನ್ನೂ ಒಂದಿಷ್ಟು ಹಿಡಿದು ಬಿಡುತ್ತದೆ. ಆದರೆ ಹೊರಗಿನ ಲಾರಿಯ ಸದ್ದಿಗೆ ಅದು ಬಿಸಿಲಿಗೆ ಹಿಡಿದ ಜರಡಿಯಷ್ಟೇ ಅಡ್ಡಿ. ಅನೇಕರು ಈ ಎರಡು ಹಂತದಲ್ಲೇ ದುಡ್ಡು ಖರ್ಚು ಮಾಡಿ, ಬೀದಿಯ ಸದ್ದು ಹಾಗೇ ಇದೆಯಲ್ಲ ಎಂದು ಕೊರಗುತ್ತಾರೆ.

ಮೂರನೆಯ ಕೆಲಸವೇ ಹೊರಗಿನ ಸದ್ದನ್ನು ತಡೆಯುವುದು. ಇದರ ಲೆಕ್ಕ ಬಹಳ ನಿಷ್ಠುರ. ಗೋಡೆಯೊಂದು ಸದ್ದನ್ನು ತಡೆಯುವುದು ಮುಖ್ಯವಾಗಿ ತನ್ನ ತೂಕದಿಂದ. ಗೋಡೆಯ ತೂಕ ಇಮ್ಮಡಿಯಾದರೆ ತಡೆ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ. ಕಿವಿಗೆ ಸದ್ದು ಅರ್ಧವಾಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು. 0.8 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 6.3 ಕಿಲೋ ತೂಗುತ್ತದೆ. ನಮ್ಮ ವ್ಯಾನಿನ ಗೋಡೆ, ಮಾಡು, ಬಾಗಿಲು ಎಲ್ಲ ಸೇರಿ ಸುಮಾರು 25 ಚದರ ಮೀಟರ್. ಅಂದರೆ ಆ 6 ಡೆಸಿಬಲ್ಲಿಗಾಗಿ ಒಂದೂವರೆ ಕ್ವಿಂಟಲಿಗೂ ಹೆಚ್ಚು ಭಾರ ಹೇರಬೇಕು, ಅಷ್ಟು ಮಾಡಿಯೂ ಸದ್ದು ಅರ್ಧಕ್ಕಿಳಿಯುವುದಿಲ್ಲ. ಇನ್ನೊಂದು 6 ಬೇಕೆಂದರೆ ಮತ್ತೆ ಮೂರು ಕ್ವಿಂಟಲ್. ವಾಹನಕ್ಕೆ ಹೊರುವ ಮಿತಿಯೊಂದಿದೆ. ಅದನ್ನು ಬಾಗಿಲ ಚೌಕಟ್ಟಿನ ಚೀಟಿಯಲ್ಲೇ ಮುದ್ರಿಸಿರುತ್ತಾರೆ. ಬ್ಯಾಟರಿ, ಮಂಚ, ಒಲೆ, ನೀರು, ಗೆಳತಿಯ ಮೂರು ಪೆಟ್ಟಿಗೆ ಪುಸ್ತಕ ಎಲ್ಲವೂ ಆ ಮಿತಿಯೊಳಗೇ ಬರಬೇಕು. 150 ಲೀಟರ್ ನೀರು ಬೇಕೋ ಸ್ವಲ್ಪ ಮೌನ ಬೇಕೋ ಎಂಬುದು ಅವಳ ಪಾಲಿಗೆ ನಿಜವಾದ ಪ್ರಶ್ನೆಯಾಗಿತ್ತು.

ಇದರ ಪಕ್ಕದಲ್ಲಿ ನಮ್ಮೂರಿನ ಒಂಬತ್ತಿಂಚಿನ ಇಟ್ಟಿಗೆ ಗೋಡೆಯನ್ನಿಟ್ಟು ನೋಡಿ. ಚದರ ಮೀಟರಿಗೆ 400 ಕಿಲೋ ಮೀರುತ್ತದೆ, ತಗಡಿನ ಅರವತ್ತು ಎಪ್ಪತ್ತು ಪಟ್ಟು. ಅಷ್ಟು ಭಾರವನ್ನು ನೆಲ ಹೊರುತ್ತದೆ. ಆ ನೆಲ ಯಾರದೋ ಹೆಸರಿನಲ್ಲಿರುತ್ತದೆ. ಮೌನವನ್ನು ನಾವು ಹಗುರವಾದದ್ದು, ಮನಸ್ಸಿಗೆ ಸೇರಿದ್ದು, ಬೇಕೆಂದರೆ ಯಾರಿಗೂ ಒಲಿಯುವಂಥದ್ದು ಎಂದು ವರ್ಣಿಸುತ್ತ ಬಂದಿದ್ದೇವೆ. ಗೋಡೆಗಳ ಮಟ್ಟಿಗಾದರೂ ಅದು ಭಾರದ ವಸ್ತು, ಸ್ಥಿರಾಸ್ತಿ. ಚಲಿಸುವವರಿಗೆ ಅದು ಕಡಿಮೆಯೇ ದಕ್ಕುತ್ತದೆ.

ಗಾಳಿಯದು ಇನ್ನೊಂದು ತಕರಾರು. ಒಬ್ಬರು ಮಲಗಿದ ತಗಡಿನ ಪೆಟ್ಟಿಗೆಯನ್ನು ಪೂರ್ತಿ ಮುಚ್ಚುವಂತಿಲ್ಲ. ಉಸಿರಿನ ತೇವ ಬೆಳಗಿನ ಹೊತ್ತಿಗೆ ತಗಡಿನ ಮೇಲೆ ಹನಿಗಟ್ಟುತ್ತದೆ, ತುಕ್ಕು ತರುತ್ತದೆ. ಒಲೆ ಉರಿಸಿದರೆ ಅಪಾಯ ಇನ್ನೂ ಹೆಚ್ಚು. ಹಾಗಾಗಿ ಮಾಡಿನಲ್ಲಿ 14 ಇಂಚಿನ ಚೌಕದ ರಂಧ್ರ ಕೊರೆದು ಫ್ಯಾನು ಕೂರಿಸುತ್ತಾರೆ. ಅದು ಒಟ್ಟು ಮೇಲ್ಮೈಯ ಅರ್ಧ ಶೇಕಡ ಮಾತ್ರ. ಆದರೆ ಆ ಅರ್ಧ ಶೇಕಡ ತೆರೆದಿದ್ದರೆ, ಉಳಿದ ಗೋಡೆ ಕೋಟೆಯಂತಿದ್ದರೂ ಒಟ್ಟು ತಡೆ 23 ಡೆಸಿಬಲ್ ದಾಟುವುದಿಲ್ಲ. ಉಸಿರು ಬರುವ ದಾರಿಯಲ್ಲೇ ಸದ್ದೂ ಬರುತ್ತದೆ. ಇದನ್ನು ರೂಪಕ ಮಾಡಿಬಿಡುವ ಆಸೆ ನನಗೆ ಆ ದಿನವೇ ಹುಟ್ಟಿತ್ತು. ಗೆಳತಿ ಗರಗಸ ಹಿಡಿದು ಮಾಡಿನ ಮೇಲೆ ಕೂತಿದ್ದಳು, ರೂಪಕದ ಅಗತ್ಯ ಅವಳಿಗಿರಲಿಲ್ಲ.

ಮಂದ್ರದ ಸದ್ದುಗಳನ್ನಂತೂ ಏನೂ ಮಾಡಲಾಗದು. ಹೆದ್ದಾರಿ ಬದಿಯ ತಂಗುದಾಣಗಳಲ್ಲಿ ಶೈತ್ಯಾಗಾರದ ಲಾರಿಗಳು ರಾತ್ರಿಯಿಡೀ ಡೀಸೆಲ್ ಯಂತ್ರ ಓಡಿಸುತ್ತಿರುತ್ತವೆ. 50 ಹರ್ಟ್ಝ್ ಸದ್ದಿನ ಒಂದು ಅಲೆಯ ಉದ್ದ ಸುಮಾರು 7 ಮೀಟರ್, ಅಂದರೆ ವ್ಯಾನಿಗಿಂತ ಉದ್ದ. ಮೂರಿಂಚು ಉಣ್ಣೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಇನ್ನು ದೊಡ್ಡ ಸದ್ದುಗಳು ಇಳಿದ ಮೇಲೆ ಅವುಗಳಡಿ ಮುಚ್ಚಿಹೋಗಿದ್ದ ಸಣ್ಣವು ತಲೆಯೆತ್ತುತ್ತವೆ: ಫ್ರಿಜ್ಜಿನ ಗುನುಗು, ನೀರಿನ ಪಂಪು, ಎಲ್ಲೋ ಸಡಿಲಾದ ಒಂದು ಚಮಚ. ಥಾಮಸ್ ಕಾರ್ಲೈಲ್ 1853ರಲ್ಲಿ ಲಂಡನ್ನಿನ ಚೆಲ್ಸಿಯ ತನ್ನ ಮನೆಯ ಅಟ್ಟದ ಮೇಲೆ ಜೋಡಿ ಗೋಡೆಗಳ, ಮೇಲಿನಿಂದಷ್ಟೇ ಬೆಳಕು ಬೀಳುವ ಕೋಣೆ ಕಟ್ಟಿಸಿಕೊಂಡ. ಪಕ್ಕದ ಮನೆಯ ಹುಂಜಗಳಿಂದ, ಪಿಯಾನೋದಿಂದ ತಪ್ಪಿಸಿಕೊಂಡು ಬರೆಯುವುದು ಅವನ ಉದ್ದೇಶ. ಅವನು ಬಯಸಿದ ಮೌನವನ್ನು ಆ ಕೋಣೆ ಕೊಡಲಿಲ್ಲ. ಕಟ್ಟಡದ ಕೆಲಸದ ಗದ್ದಲವನ್ನೂ ಕೆಲಸಗಾರರನ್ನೂ ಸಂಭಾಳಿಸಿದ್ದು ಹೆಂಡತಿ ಜೇನ್. ಕಾರ್ಲೈಲನ ಮೌನದ ಕಥೆ ಹೇಳುವವರು ಜೇನ್ ಕೇಳಿಸಿಕೊಂಡ ಸುತ್ತಿಗೆ ಪೆಟ್ಟುಗಳನ್ನೂ ಲೆಕ್ಕಕ್ಕಿಟ್ಟುಕೊಳ್ಳಬೇಕು.

ಎರಡನೆಯ ವಾರಾಂತ್ಯದ ಹೊತ್ತಿಗೆ ನಾನು ಜಾರುಬಾಗಿಲ ಕಡೆಗೆ ಬಂದಿದ್ದೆ. ಅಲ್ಲಿಗೂ ಭಾರದ ವಿನೈಲ್ ಹಾಳೆ ಹಾಕೋಣವೇ ಎಂದು ಕೇಳಿದಾಗ ಗೆಳತಿ ಬೇಡವೆಂದಳು. ತೂಕದ ಕಾರಣಕ್ಕಲ್ಲ. “ಆ ಕಡೆಯಿಂದ ಯಾರಾದರೂ ಬಂದರೆ ನನಗೆ ಕೇಳಬೇಕು,” ಎಂದಳು.

ಆಮೇಲೆ ನಾನು ಕೇಳಲೇಬೇಕಾದ ಪ್ರಶ್ನೆ ಕೇಳಿದೆ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಕಿವಿಬೆಣೆಗಳಿವೆಯಲ್ಲ, ಒಂದು ಜೊತೆ ಒಂದೆರಡು ಗ್ರಾಮೂ ತೂಗುವುದಿಲ್ಲ. ಸರಿಯಾಗಿ ತಿರುಚಿ ಒಳಗಿಟ್ಟರೆ 30 ಡೆಸಿಬಲ್ಲಿನಷ್ಟು ತಡೆಯುತ್ತದೆ ಎಂದು ಪೊಟ್ಟಣದ ಮೇಲೇ ಬರೆದಿರುತ್ತದೆ. ದಿನಬಳಕೆಯಲ್ಲಿ ಅದರ ಅರ್ಧ ಸಿಕ್ಕರೂ ಒಂದೂವರೆ ಕ್ವಿಂಟಲ್ ಭಾರ ಕೊಡುವ 6 ಡೆಸಿಬಲ್ಲಿಗಿಂತ ಎಷ್ಟೋ ಹೆಚ್ಚು. ಹಾಗಿದ್ದರೆ ಈ ಉಣ್ಣೆ, ರಬ್ಬರು, ಮೂರು ವಾರಾಂತ್ಯ ಯಾಕೆ? ಅವಳ ಬಳಿ ಕಿವಿಬೆಣೆಗಳ ಒಂದು ಡಬ್ಬಿಯೇ ಇತ್ತು. ಗ್ರಂಥಾಲಯದಲ್ಲಿ ಹಾಕಿಕೊಳ್ಳುತ್ತಾಳೆ, ವ್ಯಾನಿನಲ್ಲಿ ಎಂದೂ ಹಾಕಿಕೊಂಡಿಲ್ಲ.

ನನಗೆ ಈ ವಿಷಯ ಶಬ್ದವಿಜ್ಞಾನದಿಂದ ನೀತಿಯ ಕಡೆಗೆ ಹೊರಳಿದ್ದು ಅಲ್ಲಿ. ಅವಳಿಗೆ ಬೇಕಾದದ್ದು ಮೌನವೇ ಆಗಿದ್ದರೆ ಅದು ಅವಳ ಚೀಲದಲ್ಲೇ ಇತ್ತು. ಅವಳಿಗಿಲ್ಲದ್ದು ಕಿವಿ ಮುಚ್ಚಿಕೊಳ್ಳುವ ಧೈರ್ಯ. ಆ ಧೈರ್ಯ ವ್ಯಕ್ತಿಯ ಗುಣವೇನಲ್ಲ. ನಾವು ಗಾಢವಾಗಿ ನಿದ್ದೆ ಹೋಗುವಾಗ ನಮ್ಮ ಪರವಾಗಿ ಬೇರೆ ಯಾರೋ ಎಚ್ಚರವಿರುತ್ತಾರೆ: ಕದ, ಚಿಲಕ, ಮನೆಯ ಹಿರಿಯರು, ಪಕ್ಕದ ಮನೆಯ ನಾಯಿ, ಬೀದಿಯ ಗೂರ್ಖಾ, ಅತಿಕ್ರಮ ಪ್ರವೇಶದ ಕಾನೂನು. ಇವೆಲ್ಲ ನಮಗಾಗಿ ಕೇಳಿಸಿಕೊಳ್ಳುತ್ತಿರುವುದರಿಂದ ನಾವು ಕಿವುಡಾಗಬಹುದು. ಯಾರೂ ಕಾಯದವರು ತಾವೇ ಕೇಳಿಸಿಕೊಳ್ಳುತ್ತಿರಬೇಕು. ಕನ್ನಡದಲ್ಲಿ ಅದಕ್ಕೆ ಕೋಳಿನಿದ್ದೆ ಎಂಬ ಒಳ್ಳೆಯ ಪದವಿದೆ. ತುಮಕೂರು ರಸ್ತೆಯ ಬದಿಯಲ್ಲಿ ಲಾರಿಯ ಕ್ಯಾಬಿನ್ನಿನಲ್ಲೇ ಮಲಗುವ ಚಾಲಕರನ್ನು ಕೇಳಿ. ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸುವ ಸದ್ದಿಗೆ ಎಚ್ಚರವಾಗುವ ಕಿವಿಯನ್ನು ಆಚೆಗಿಟ್ಟೇ ಅವರು ಮಲಗುವುದು.

ಗೆಳತಿ ಕಾಯುತ್ತಿದ್ದ ಸದ್ದು ಕಳ್ಳರದ್ದು ಮಾತ್ರವಲ್ಲ. ವ್ಯಾನಿನಲ್ಲಿ ಬದುಕುವವರ ಮಾತಿನಲ್ಲಿ ‘ದಿ ನಾಕ್’ ಎಂದರೆ ಯಾವ ತಟ್ಟು ಎಂದು ಯಾರೂ ಕೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಟಾರ್ಚಿನ ಬೆಳಕು, ಗಾಜಿನ ಮೇಲೆ ಗೆಣ್ಣಿನ ಪೆಟ್ಟು, ಇಲ್ಲಿ ಮಲಗುವಂತಿಲ್ಲ ಹೊರಡಿ ಎಂಬ ಮಾತು. ಲಾಸ್ ಏಂಜಲಿಸ್ ನಗರ 1983ರಲ್ಲೇ ವಾಹನವನ್ನು ವಾಸಸ್ಥಾನವಾಗಿ ಬಳಸುವುದನ್ನು ನಿಷೇಧಿಸಿತ್ತು. 2014ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ನಿಯಮ ಅಸ್ಪಷ್ಟವೆಂದು ರದ್ದುಮಾಡಿತು. ಕಾರಿನಲ್ಲಿ ಏನೇನಿದ್ದರೆ ಅದು ವಾಸ, ಏನೇನಿದ್ದರೆ ಪ್ರಯಾಣ ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ನಗರ ಆಮೇಲೆ ಸ್ಪಷ್ಟವಾದ ನಿಯಮವನ್ನೇ ತಂದಿತು: ವಸತಿ ಬೀದಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನದಲ್ಲಿ ವಾಸಿಸಬಾರದು. ಅಂದರೆ ಸರಿಯಾಗಿ ನಿದ್ದೆಯ ಹೊತ್ತು. ಇದಕ್ಕೆ ಎದುರಾಗಿ 2021ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು, ಸಿಯಾಟಲ್ ನಗರ ಎಳೆದೊಯ್ದಿದ್ದ ಟ್ರಕ್ಕೊಂದರ ಪ್ರಕರಣದಲ್ಲಿ, ಅದರಲ್ಲಿ ವಾಸಿಸುತ್ತಿದ್ದವನಿಗೆ ಆ ಟ್ರಕ್ಕೇ ಮನೆ ಎಂದು ಒಪ್ಪಿತು. 2024ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗ್ರ್ಯಾಂಟ್ಸ್ ಪಾಸ್ ಪ್ರಕರಣದಲ್ಲಿ, ಸಾರ್ವಜನಿಕ ಜಾಗದಲ್ಲಿ ಮಲಗುವವರನ್ನು ದಂಡಿಸುವುದು ಕ್ರೂರ ಶಿಕ್ಷೆಯಲ್ಲ ಎಂದು ತೀರ್ಪು ಕೊಟ್ಟಿತು. ಈ ಎಲ್ಲ ತೀರ್ಪುಗಳ ನಡುವೆ ಜಾರುಬಾಗಿಲ ಪಕ್ಕ ಮಲಗಿರುವವಳು ಯಾವುದು ತನಗೆ ಅನ್ವಯಿಸುತ್ತದೆಂದು ರಾತ್ರಿ ಎರಡು ಗಂಟೆಗೆ ವಾದ ಮಾಡಲಾರಳು. ಮೊದಲೇ ಕೇಳಿಸಿಕೊಂಡು ಎದ್ದು, ಚಾಲಕನ ಸೀಟಿಗೆ ದಾಟಬೇಕು.

ಗೋಡೆಗೆ ಇನ್ನೊಂದು ಮುಖವಿದೆ. ತಗಡು ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಸದ್ದನ್ನು ಒಂದೇ ಪ್ರಮಾಣದಲ್ಲಿ ತಡೆಯುತ್ತದೆ. ಭೌತಶಾಸ್ತ್ರಕ್ಕೆ ದಿಕ್ಕಿನ ಹಂಗಿಲ್ಲ. ಆದರೆ ಈ ಎರಡು ದಿಕ್ಕುಗಳ ಅರ್ಥ ಬೇರೆ ಬೇರೆ. ಮನೆಯವರು ಹೊರಗಿನ ಸದ್ದು ಒಳಬಾರದಿರಲೆಂದು ಗೋಡೆ ಬಯಸುತ್ತಾರೆ. ವ್ಯಾನಿನವರಿಗೆ ತಮ್ಮ ಸದ್ದು ಹೊರಹೋಗದಿರುವುದು ಅಷ್ಟೇ ಮುಖ್ಯ. ಕೆಮ್ಮು, ಫೋನಿನ ಮಾತು, ಫ್ಯಾನಿನ ಗುಂಯ್‌ಗುಡುವಿಕೆ, ಯಾವುದು ಕೇಳಿದರೂ ಇದರಲ್ಲಿ ಯಾರೋ ಇದ್ದಾರೆಂದು ಬೀದಿಗೆ ಗೊತ್ತಾಗುತ್ತದೆ. ಗೆಳತಿ ರಾತ್ರಿ ಎಂಟರ ನಂತರ ತಾಯಿಯೊಂದಿಗೆ ಮಾತಾಡುವುದನ್ನೇ ಬಿಟ್ಟಿದ್ದಳು, ಸಂದೇಶ ಕಳಿಸುತ್ತಿದ್ದಳು. ನಾವು ಅಂಟಿಸಿದ ಪಟ್ಟಿಗಳಲ್ಲಿ ಎಷ್ಟು ಅವಳ ನಿದ್ದೆಗಾಗಿ, ಎಷ್ಟು ಅವಳು ಅಲ್ಲಿಲ್ಲ ಎಂದು ತೋರಿಸುವುದಕ್ಕಾಗಿ ಎಂದು ಲೆಕ್ಕ ಹಾಕುವುದು ಕಷ್ಟ.

ಆ ಬೀದಿಯ ಮನೆಗಳಲ್ಲಿರುವವರ ಮಾತನ್ನೂ ಹೇಳದೆ ಬಿಡಬಾರದು. ಕಿಟಕಿಯ ಕೆಳಗೆ ಯಾರೋ ಜನರೇಟರ್ ಓಡಿಸಿದರೆ ಮಗು ಮಲಗುವುದಿಲ್ಲ. ಅವರ ದೂರು ಸುಳ್ಳಲ್ಲ. ಇಲ್ಲಿನ ರಾಷ್ಟ್ರೀಯ ಉದ್ಯಾನಗಳ ಶಿಬಿರತಾಣಗಳಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೌನದ ಹೊತ್ತು, ಅದನ್ನು ವ್ಯಾನಿನವರೂ ಮೆಚ್ಚುತ್ತಾರೆ. ನನ್ನ ತಕರಾರು ಸದ್ದಿನ ದೂರು ಬಹುಬೇಗ ಸದ್ದು ಮಾಡುವವರ ಇರವಿನ ದೂರಾಗುವುದರ ಬಗ್ಗೆ. ಶೋಪೆನ್‌ಹೌವರ್ 1851ರಲ್ಲಿ ಪ್ರಕಟಿಸಿದ ಸದ್ದಿನ ಕುರಿತ ಪ್ರಬಂಧದಲ್ಲಿ ಗಾಡಿಯವರ ಚಾಟಿಯ ಸದ್ದಿಗೆ ಕೆಂಡ ಕಾರುತ್ತಾನೆ. ಸದ್ದನ್ನು ಸಹಿಸುವ ಶಕ್ತಿಗೂ ಬುದ್ಧಿಗೂ ವಿಲೋಮ ಸಂಬಂಧವಿದೆ ಎಂಬುದು ಅವನ ವಾದ. ನಮ್ಮ ತರಗತಿಯಲ್ಲಿ ಇದನ್ನು ತಮಾಷೆಯ ಪ್ರಬಂಧವೆಂದು ಓದಿಸುತ್ತಾರೆ. ನನಗೆ ಅದು ಅಷ್ಟು ತಮಾಷೆಯಾಗಿ ಕಾಣುವುದಿಲ್ಲ. ಗಾಡಿಯವನು ಸದ್ದು ಸಹಿಸುವುದು ಬುದ್ಧಿ ಮಂದವಾಗಿದೆ ಎಂದಲ್ಲ, ಅವನಿಗೆ ಅಟ್ಟದ ಕೋಣೆಯಿಲ್ಲ ಎಂದು. ಮೌನ ಸಿಕ್ಕವರು ಅದನ್ನು ತಮ್ಮ ಸೂಕ್ಷ್ಮತೆಯ ಗುರುತೆಂದು ಭಾವಿಸುವುದು ಸುಲಭ, ಗೋಡೆಯ ತೂಕವನ್ನು ಮರೆತರಾಯಿತು.

ಇದಕ್ಕೆ ವಿರುದ್ಧವಾದ ಒಂದು ಚಂದದ ವಾದವೂ ಇದೆ. ತೆರೆದ ಕಿವಿಯೇ ಮೌಲ್ಯ, ತೆಳುವಾದ ಗೋಡೆ ನಮ್ಮನ್ನು ಲೋಕಕ್ಕೆ ಹತ್ತಿರ ತರುತ್ತದೆ, ಮಳೆಯನ್ನು ಕಡಲನ್ನು ಕೇಳುತ್ತ ಬದುಕುವುದು ಹೆಚ್ಚು ಜೀವಂತ ಎನ್ನುವವರನ್ನು ವ್ಯಾನಿನ ಬದುಕಿನ ಬರಹಗಳಲ್ಲಿ ಧಾರಾಳವಾಗಿ ಕಾಣಬಹುದು. ನಮ್ಮ ಭಾಷೆಯೂ ಅದಕ್ಕೆ ಒತ್ತಾಸೆ ಕೊಟ್ಟೀತು. ಕನ್ನಡದಲ್ಲಿ ನಾವು ಕಣ್ಣಿಡುತ್ತೇವೆ, ಕಿವಿಯನ್ನು ಮಾತ್ರ ಕೊಡುತ್ತೇವೆ. ‘ಕೇಳು’ ಎಂಬ ಒಂದೇ ಕ್ರಿಯಾಪದ ಆಲಿಸುವುದಕ್ಕೂ ಸಾಕು, ಪ್ರಶ್ನಿಸುವುದಕ್ಕೂ ಸಾಕು. ಆದರೆ ಕಿವಿಗೊಡುವುದು ಕೊಡುಗೆಯಾಗಬೇಕಾದರೆ ಕೊಡದಿರುವ ಅವಕಾಶವೂ ಇರಬೇಕು. ಹೆದರಿಕೆಯಿಂದ ತೆರೆದಿಟ್ಟ ಕಿವಿ ಯಾರಿಗೂ ಏನನ್ನೂ ಕೊಡುತ್ತಿಲ್ಲ, ಅದು ಪಹರೆಯ ಕೆಲಸ. ಗೆಳತಿ ರಾತ್ರಿಯಿಡೀ ಆಲಿಸುತ್ತಿದ್ದಳು, ಹಗಲಿನ ಸೆಮಿನಾರಿನಲ್ಲಿ ಎದುರಿಗಿದ್ದವರ ವಾದ ಅವಳ ತಲೆಗೆ ಹೋಗುತ್ತಿರಲಿಲ್ಲ.

ಅವಳ ವ್ಯಾನು ಈಗ ಮೊದಲಿಗಿಂತ ಹಿತವಾಗಿದೆ. ಮಳೆ ‘ಟಣ್’ ಎನ್ನುವುದಿಲ್ಲ, ಮೆತ್ತಗೆ ಒದರುತ್ತದೆ. ಜಾರುಬಾಗಿಲಿಗೆ ಬ್ಯೂಟೈಲ್ ಪಟ್ಟಿ ಮಾತ್ರ ಹಾಕಿದೆವು, ವಿನೈಲ್ ಹಾಕಲಿಲ್ಲ. ಉಳಿದ ತೂಕದಲ್ಲಿ ಅವಳು ಇನ್ನೊಂದು ಬ್ಯಾಟರಿ ಇಟ್ಟುಕೊಂಡಳು.

ಸಾಂತಾ ಬಾರ್ಬರಾದಲ್ಲಿ 2004ರಿಂದ ಸೇವಾಸಂಸ್ಥೆಯೊಂದು ‘ಸುರಕ್ಷಿತ ಪಾರ್ಕಿಂಗ್’ ನಡೆಸುತ್ತಿದೆ. ಆ ಮಾದರಿ ಆಮೇಲೆ ಬೇರೆ ಊರುಗಳಿಗೂ ಹಬ್ಬಿತು. ಚರ್ಚುಗಳ, ಕಚೇರಿಗಳ ಅಂಗಳಗಳು ರಾತ್ರಿ ಹೇಗೂ ಖಾಲಿಯಿರುತ್ತವೆ. ಹೆಸರು ಬರೆಸಿದವರು ಸಂಜೆ ಬಂದು ಅಲ್ಲಿ ವಾಹನ ನಿಲ್ಲಿಸಿ ಮಲಗಬಹುದು, ಯಾರೂ ಬಂದು ಎಬ್ಬಿಸುವುದಿಲ್ಲ, ಒಬ್ಬರು ನಿಗಾ ಇಟ್ಟಿರುತ್ತಾರೆ. ಅಲ್ಲಿನ ಡಾಂಬರಿನ ಮೇಲೆ ನಿಂತ ವ್ಯಾನಿನ ತಗಡು ಒಂದು ಗ್ರಾಮೂ ಭಾರವಾಗುವುದಿಲ್ಲ, ಹೆದ್ದಾರಿಯ ಸದ್ದೂ ಇಳಿಯುವುದಿಲ್ಲ. ಬದಲಾಗುವುದೇನಿದ್ದರೂ ಒಳಗೆ ಮಲಗಿದವರ ಕಿವಿಯ ಕೆಲಸ. ಗೆಳತಿ ಈಗ ನಮ್ಮೂರಿನ ಅಂಥದೇ ಒಂದು ಅಂಗಳದ ಕಾಯುವ ಪಟ್ಟಿಯಲ್ಲಿದ್ದಾಳೆ. ಇದು ಮನೆಗೆ ಬದಲಿ ಎಂದು ನಾನು ಹೇಳಲಾರೆ. ಇಂಥ ಅಂಗಳಗಳಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ ಏಳರ ಸುಮಾರಿಗೆ ಜಾಗ ಖಾಲಿ ಮಾಡಬೇಕು, ಚಳಿಯಿರಲಿ, ಜ್ವರವಿರಲಿ. ಆದರೂ ಅರ್ಜಿ ತುಂಬಿದ ದಿನ ಅವಳು ನನ್ನನ್ನು ಕೇಳಿದ್ದು ಅಲ್ಲಿ ಶೌಚಾಲಯವಿದೆಯೇ ಎಂದಲ್ಲ, ಕಾವಲಿನವರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಇರುತ್ತಾರೆ ಎಂದು.